ತೆರಿಗೆ ಬಿಟ್ಟುಕೊಡುವ ಮೊದಲು ಹಾಕಬೇಕಾದ ಲೆಕ್ಕ

ದೊಡ್ಡ ಟೆಕ್ ಕಂಪನಿಯೊಂದು ನಗರಕ್ಕೆ ಬರುತ್ತೇನೆ ಎಂದಾಗ ನಗರಸಭೆಯ ಸದಸ್ಯರ ಕೈಗೆ ಒಂದು ಕಡತ ಬರುತ್ತದೆ. ಮೊದಲ ಪುಟದಲ್ಲೇ ಎರಡು ಅಂಕಿಗಳು ದಪ್ಪಕ್ಷರದಲ್ಲಿರುತ್ತವೆ: ಎಷ್ಟು ಉದ್ಯೋಗ, ಎಷ್ಟು ಹೂಡಿಕೆ. ನಗರ ಬಿಟ್ಟುಕೊಡುವ ತೆರಿಗೆ ಎಷ್ಟೆಂಬ ಮೂರನೆಯ ಅಂಕಿ ಒಳಗೆಲ್ಲೋ ಅನುಬಂಧದಲ್ಲಿ ನಾಲ್ಕೈದು ತುಂಡುಗಳಾಗಿ ಅಡಗಿರುತ್ತದೆ. ನಾಲ್ಕನೆಯ ಸಂಗತಿ ಕಡತದಲ್ಲೇ ಇರುವುದಿಲ್ಲ: ಈ ರಿಯಾಯಿತಿ ಕೊಡದಿದ್ದರೂ ಕಂಪನಿ ಬರುತ್ತಿತ್ತೇ? ಇಂದಿನ ಮಾತೆಲ್ಲ ಈ ನಾಲ್ಕನೆಯದರ ಸುತ್ತ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಕೊಡಬಾರದು. ಕೊಡಲೇಬೇಕಾಗಿ ಬಂದರೆ ಕೆಲಸ ಆದ ಮೇಲೆ, ಆದಷ್ಟಕ್ಕೆ ಮಾತ್ರ, ಕೆಲವೇ ವರ್ಷಗಳ ಮಟ್ಟಿಗೆ ಕೊಡಬೇಕು. ನನ್ನ ಉದಾಹರಣೆಗಳೆಲ್ಲ ಅಮೆರಿಕದವು. ಅಲ್ಲಿ ನಗರಗಳಿಗೂ ರಾಜ್ಯಗಳಿಗೂ ತೆರಿಗೆ ಹಾಕುವ, ಬಿಡುವ ಅಧಿಕಾರ ಹೆಚ್ಚು. ಒಪ್ಪಂದದ ಕಾಗದಪತ್ರಗಳೂ ಸಾಕಷ್ಟು ಹೊರಗೆ ಬಂದಿವೆ.

ಮೊದಲು, ಕೊಡುವುದು ಅಂದರೆ ಏನನ್ನು, ಯಾರ ಜೇಬಿನಿಂದ ಎಂದು ನೋಡೋಣ. ಒಂದು, ಆಸ್ತಿ ತೆರಿಗೆಯ ವಿನಾಯಿತಿ: ಹೊಸ ಕಟ್ಟಡದ ಮೇಲಿನ ತೆರಿಗೆಯನ್ನು ಹತ್ತೋ ಹದಿನೈದೋ ವರ್ಷ ಪೂರ್ತಿಯಾಗಿ ಅಥವಾ ಭಾಗಶಃ ಬಿಡುವುದು. ಇನ್ನೊಂದು, ಸಂಬಳದ ಲೆಕ್ಕದಲ್ಲಿ ಹಣ ವಾಪಸು: ಒಂದು ಉದ್ಯೋಗಕ್ಕೆ ಇಷ್ಟು ಎಂದು. ಮತ್ತೊಂದು, ಕಟ್ಟಡ ಸಾಮಗ್ರಿಗೆ, ಸರ್ವರ್‌ಗಳಿಗೆ ಮಾರಾಟ ತೆರಿಗೆ ಮಾಫಿ. ಕೊನೆಯದು ಸ್ವಲ್ಪ ಸುತ್ತುಬಳಸಿನದು. ಒಂದು ಪ್ರದೇಶದಲ್ಲಿ ಮುಂದೆ ಹೆಚ್ಚಲಿರುವ ಆಸ್ತಿ ತೆರಿಗೆಯನ್ನು ಕಂತಿಗೆಂದು ಮೀಸಲಿಟ್ಟು, ನಗರ ಇಂದೇ ಸಾಲ ಎತ್ತಿ ಜಮೀನು, ರಸ್ತೆ, ನೀರಿನ ಕೊಳವೆಗೆ ಖರ್ಚು ಮಾಡುತ್ತದೆ. ಕಾಗದದ ಮೇಲೆ ಇದು ರಿಯಾಯಿತಿಯಂತೆ ಕಾಣುವುದೇ ಇಲ್ಲ. ಆದರೆ ನಗರವನ್ನು ಅತಿ ಹೆಚ್ಚು ಅಪಾಯಕ್ಕೆ ಒಡ್ಡುವುದು ಇದೇ.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಹಣದ ದೊಡ್ಡ ಪಾಲು ಆಸ್ತಿ ತೆರಿಗೆಯಿಂದ ಬರುತ್ತದೆ ಎಂಬುದನ್ನು ನೆನಪಿಡಿ. ಅಂದರೆ ನಗರಸಭೆ ಕೈಯೆತ್ತಿ ಒಪ್ಪಿದ ವಿನಾಯಿತಿಯ ಹೊರೆ ಆ ಸಭೆಯಲ್ಲಿ ಕುಳಿತೇ ಇಲ್ಲದ ಶಾಲಾ ಮಂಡಳಿಯ ಮೇಲೆ ಬೀಳಬಹುದು. ಹೊಸ ಕಂಪನಿಯಿಂದ ಹೊಸ ಕುಟುಂಬಗಳು ಬರುತ್ತವೆ, ಮಕ್ಕಳು ಬರುತ್ತಾರೆ, ತರಗತಿಗಳು ಬೇಕಾಗುತ್ತವೆ. ತರಗತಿ ಕಟ್ಟಲು ಬೇಕಾದ ತೆರಿಗೆಯನ್ನೇ ಬಿಟ್ಟಿರುತ್ತೇವೆ. ಶಾಲೆಯ ಪಾಲನ್ನು ಶಾಲಾ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಮುಟ್ಟಬಾರದು ಎಂಬುದು ಯಾವ ಚೌಕಾಸಿಗೂ ಬಗ್ಗಬಾರದ ನಿಯಮ ಎಂದು ನಾನು ನಂಬಿದ್ದೇನೆ.

ಈಗ ಆ ನಾಲ್ಕನೆಯ ಸಂಗತಿಗೆ ಬರೋಣ. ಅಪ್‌ಜಾನ್ ಇನ್‌ಸ್ಟಿಟ್ಯೂಟಿನ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಇದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2018ರಲ್ಲಿ ಒಂದು ಅಂದಾಜು ಕೊಟ್ಟರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ ಆ ರಿಯಾಯಿತಿಯ ಕಾರಣಕ್ಕೇ ಅಲ್ಲಿ ನೆಲೆಸಲು ಅಥವಾ ವಿಸ್ತರಿಸಲು ನಿರ್ಧರಿಸಿದವು ಶೇ 2ರಿಂದ ಶೇ 25ರ ನಡುವೆ. ಉಳಿದವು ಹೇಗಿದ್ದರೂ ಅದೇ ನಿರ್ಧಾರ ಮಾಡುತ್ತಿದ್ದವು. ಇದನ್ನು ಹಣಕ್ಕೆ ಇಳಿಸಿ ನೋಡಿ. ಒಂದು ಉದ್ಯೋಗಕ್ಕೆ 20,000 ಡಾಲರ್, ಕಂಪನಿಗೆ 1,000 ಉದ್ಯೋಗ ಎಂದಿಟ್ಟುಕೊಳ್ಳಿ. ಇಂಥ ಹತ್ತು ಕಂಪನಿಗಳಿಗೆ ಕೊಟ್ಟರೆ 20 ಕೋಟಿ ಡಾಲರ್ ಹೋಯಿತು. ರಿಯಾಯಿತಿಯಿಂದ ಮನಸ್ಸು ಬದಲಿಸಿದ್ದು ಶೇ 20 ಎಂದು ಉದಾರವಾಗಿಯೇ ಹಿಡಿಯೋಣ. ಹತ್ತರಲ್ಲಿ ಎರಡು. ಅಂದರೆ ನಿಜಕ್ಕೂ ಹೆಚ್ಚುವರಿಯಾಗಿ ಸಿಕ್ಕಿದ್ದು 2,000 ಉದ್ಯೋಗ. ಒಂದೊಂದಕ್ಕೆ ಬಿದ್ದದ್ದು ಒಂದು ಲಕ್ಷ ಡಾಲರ್. ಕಡತದ ಮೊದಲ ಪುಟದಲ್ಲಿ 20,000 ಎಂದಿತ್ತು. ಅಸಲು ಬೆಲೆ ಅದರ ಐದು ಪಟ್ಟು.

ಅಮೆಜಾನ್‌ನ ಎರಡನೇ ಕೇಂದ್ರ ಕಚೇರಿಯ ಸ್ಪರ್ಧೆಯನ್ನು ಈ ಕಣ್ಣಿನಿಂದ ನೋಡಿ. 2017ರ ಸೆಪ್ಟೆಂಬರ್‌ನಲ್ಲಿ ಕಂಪನಿ ಬಹಿರಂಗವಾಗಿ ಪ್ರಸ್ತಾವಗಳನ್ನು ಕರೆಯಿತು: 500 ಕೋಟಿ ಡಾಲರ್ ಹೂಡಿಕೆ, 50,000ದವರೆಗೆ ಉದ್ಯೋಗ. ಬಂದದ್ದು 238 ಪ್ರಸ್ತಾವಗಳು. ಆದರೆ ಅದೇ ಪ್ರಕಟಣೆಯಲ್ಲಿ ಅವರು ಇನ್ನೇನು ಕೇಳಿದ್ದರು ಗೊತ್ತೇ? ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಮಹಾನಗರ ಪ್ರದೇಶ, 45 ನಿಮಿಷದೊಳಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಜಾಗದ ಬಳಿಯೇ ರೈಲು ಅಥವಾ ಬಸ್ ಸಂಪರ್ಕ, ತಾಂತ್ರಿಕ ಪರಿಣತರು ಸಿಗುವ ಊರು. ಇವೆಲ್ಲ ಹಲವು ದಶಕ ತೆರಿಗೆ ಹಾಕಿ, ಆ ಹಣದಲ್ಲಿ ಕಟ್ಟಿದವು. ನ್ಯೂ ಜೆರ್ಸಿಯ ನ್ಯೂಆರ್ಕ್ ಪರವಾಗಿ 700 ಕೋಟಿ ಡಾಲರ್‌ವರೆಗಿನ ಕೊಡುಗೆ ಇತ್ತು. ಕಂಪನಿ ಅಲ್ಲಿಗೆ ಹೋಗಲಿಲ್ಲ. 2018ರ ನವೆಂಬರ್‌ನಲ್ಲಿ ಅದು ಆರಿಸಿದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್. ಎರಡೂ ಪರಿಣತರಿಂದ ತುಂಬಿದ ಊರುಗಳು.

ನ್ಯೂಯಾರ್ಕ್ ಕೊಡಲು ಹೊರಟದ್ದು ಒಟ್ಟು ಸುಮಾರು 300 ಕೋಟಿ ಡಾಲರ್. ಅದರಲ್ಲಿ ರಾಜ್ಯದ ಪಾಲು ಚೌಕಾಸಿಯಿಂದ ನಿಗದಿಯಾದದ್ದು. ನಗರದ ಪಾಲು ಹಾಗಲ್ಲ, ಮೊದಲೇ ಕಾನೂನಿನಲ್ಲಿದ್ದ, ಅರ್ಹರಾದ ಯಾರಿಗಾದರೂ ತಾನಾಗಿ ಸಿಗುವ ರಿಯಾಯಿತಿ. ಅದರ ದೊಡ್ಡ ಭಾಗ ಹೀಗೆ: ಮ್ಯಾನ್‌ಹಟನ್‌ನ ಮುಖ್ಯ ಭಾಗದಲ್ಲಿ ಅಲ್ಲದೆ ನಗರದ ಹೊರವಲಯದಲ್ಲಿ ನೆಲೆಸಲು ಬರುವ ಕಂಪನಿಗೆ ಒಬ್ಬ ಉದ್ಯೋಗಿಗೆ ವರ್ಷಕ್ಕೆ 3,000 ಡಾಲರ್‌ನಂತೆ 12 ವರ್ಷ. 25,000 ಉದ್ಯೋಗಕ್ಕೆ ಗುಣಿಸಿ ನೋಡಿ, 90 ಕೋಟಿ ಡಾಲರ್. ಇಲ್ಲೊಂದು ಪಾಠವಿದೆ. ‘ನಾವೇನೂ ವಿಶೇಷವಾಗಿ ಕೊಟ್ಟಿಲ್ಲ’ ಎಂದು ಮೇಯರ್ ಹೇಳಿದರೆ ಅದು ತಾಂತ್ರಿಕವಾಗಿ ನಿಜವೇ ಆಗಿರಬಹುದು. ಆದರೆ ಮೇಲ್ಮಿತಿ ಇಲ್ಲದ ನಿಯಮಕ್ಕೆ 25,000 ಜನರ ಕಂಪನಿ ಬಂದು ಕೂತರೆ ಖಜಾನೆಗೆ ಆಗುವುದು ಇದೇ. ಹಳೆಯ ರಿಯಾಯಿತಿ ನಿಯಮಗಳನ್ನೆಲ್ಲ ಒಮ್ಮೆ ತೆಗೆದು, ಒಂದು ಕಂಪನಿಗೆ ಒಟ್ಟು ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ದೊಡ್ಡ ಕಂಪನಿ ಬಾಗಿಲು ತಟ್ಟುವ ಮೊದಲೇ ಸೇರಿಸಿ.

ಸ್ಥಳೀಯ ವಿರೋಧ ಜೋರಾದಾಗ 2019ರ ಫೆಬ್ರವರಿಯಲ್ಲಿ ಅಮೆಜಾನ್ ನ್ಯೂಯಾರ್ಕ್ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮ್ಯಾನ್‌ಹಟನ್‌ನ ಹಡ್ಸನ್ ಯಾರ್ಡ್ಸ್ ಬಳಿ 1,500ಕ್ಕೂ ಹೆಚ್ಚು ಉದ್ಯೋಗಿಗಳಿಗಾಗಿ ಕಚೇರಿ ಬಾಡಿಗೆಗೆ ಹಿಡಿಯಿತು, ಅಂಥ ಯಾವ ವಿಶೇಷ ಪ್ಯಾಕೇಜೂ ಇಲ್ಲದೆ. 1,500 ಎಲ್ಲಿ, 25,000 ಎಲ್ಲಿ ಎಂದು ನೀವು ಕೇಳಬಹುದು, ನ್ಯಾಯವೇ. ಆ ದೊಡ್ಡ ಸಂಖ್ಯೆ ಹೇಗಿದ್ದರೂ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಕಂಪನಿಯನ್ನು ಆ ನಗರಕ್ಕೆ ಎಳೆಯುತ್ತಿದ್ದ ಶಕ್ತಿ ರಿಯಾಯಿತಿ ಹೋದ ಮೇಲೂ ಉಳಿದಿತ್ತು, ಇಷ್ಟೇ ಇದರಿಂದ ತೋರುವುದು.

ಆರ್ಲಿಂಗ್ಟನ್ ಕಡೆಯ ಒಪ್ಪಂದವನ್ನು ಗಮನವಿಟ್ಟು ಓದಬೇಕು, ಏಕೆಂದರೆ ಕೊಡುವುದೇ ಆದರೆ ಅದು ಹೆಚ್ಚು ಜಾಣತನದ ಮಾದರಿ. ಆರ್ಲಿಂಗ್ಟನ್ ಇರುವ ವರ್ಜೀನಿಯಾ ರಾಜ್ಯ ಮೊದಲ 25,000 ಉದ್ಯೋಗಗಳಿಗೆ ತಲಾ 22,000 ಡಾಲರ್, ಅಂದರೆ 55 ಕೋಟಿ ಡಾಲರ್ ಒಪ್ಪಿಕೊಂಡಿತು. ಷರತ್ತು: ಸರಾಸರಿ ಸಂಬಳ ವರ್ಷಕ್ಕೆ 1,50,000 ಡಾಲರ್ ಇರಬೇಕು, ಆ ಮಿತಿ ವರ್ಷವರ್ಷ ಶೇ 1.5ರಂತೆ ಏರುತ್ತದೆ, ಉದ್ಯೋಗ ಹುಟ್ಟಿದ ಮೇಲಷ್ಟೇ ಹಣ. 2023ರ ಮಾರ್ಚ್‌ನಲ್ಲಿ ಕಂಪನಿ ಎರಡನೇ ಹಂತದ ಕಟ್ಟಡಗಳ ಕೆಲಸವನ್ನು ಮುಂದೂಡಿತು. ಹುಟ್ಟದ ಉದ್ಯೋಗಕ್ಕೆ ರಾಜ್ಯ ಹಣ ಕೊಡಬೇಕಾಗಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, ರಾಜ್ಯ ಅದೇ ಹೊತ್ತಿಗೆ ಕಂಪ್ಯೂಟರ್ ವಿಜ್ಞಾನದ ಪದವೀಧರರ ಸಂಖ್ಯೆ ಹೆಚ್ಚಿಸಲು ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಮೊತ್ತ ಹೂಡುವ ನಿರ್ಧಾರ ಮಾಡಿತು. ವರ್ಜೀನಿಯಾ ಟೆಕ್‌ನ ಹೊಸ ಕ್ಯಾಂಪಸ್ ಹುಟ್ಟಿದ್ದು ಹೀಗೆ. ನಾಳೆ ಅಮೆಜಾನ್ ಎದ್ದು ಹೋದರೂ ಆ ಕ್ಯಾಂಪಸ್ ಅಲ್ಲೇ ಇರುತ್ತದೆ, ಓದಿದವರು ಬೇರೆ ಕಂಪನಿ ಸೇರುತ್ತಾರೆ, ತಾವೇ ಕಂಪನಿ ಕಟ್ಟುತ್ತಾರೆ.

ಮುಂದಿನ ವಿಷಯ ಸ್ವಲ್ಪ ಒಣ ಲೆಕ್ಕದ್ದು, ಆದರೆ ತಾಳ್ಮೆಯಿಂದ ಕೇಳಿ. ನಗರಗಳು ಅತಿ ಹೆಚ್ಚು ಹಣ ಕಳೆದುಕೊಳ್ಳುವ ಜಾಗಗಳಲ್ಲಿ ಇದೊಂದು. ವರ್ಷಕ್ಕೆ ಒಂದು ಕೋಟಿಯಂತೆ 20 ವರ್ಷ ತೆರಿಗೆ ಬಿಟ್ಟರೆ ಅದರ ಇವತ್ತಿನ ಬೆಲೆ ಎಷ್ಟು? ತಡವಾಗಿ ಕೈಗೆ ಬರುವ ಹಣಕ್ಕೆ ಇವತ್ತಿನ ಲೆಕ್ಕದಲ್ಲಿ ಬೆಲೆ ಕಡಿಮೆ; ಎಷ್ಟು ಕಡಿಮೆ ಎಂಬುದು ಯಾರು ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ನಿಂತಿದೆ. ಕಂಪನಿ ಆತುರದಲ್ಲಿರುತ್ತದೆ, ಮುಂದೆ ಬರುವ ಹಣವನ್ನು ವರ್ಷಕ್ಕೆ ಶೇ 12ರಂತೆ ಕಡಿತ ಮಾಡಿ ಎಣಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರ ಪಾಲಿಗೆ ಈ 20 ಕೋಟಿಯ ಬೆಲೆ ಸುಮಾರು 7.5 ಕೋಟಿ. ನಗರ ಅಗ್ಗದ ಬಡ್ಡಿಗೆ ಸಾಲ ತರಬಲ್ಲದು; ಶೇ 3ರಂತೆ ಎಣಿಸಿದರೆ ಅದು ಕಳೆದುಕೊಳ್ಳುವುದು ಸುಮಾರು 14.9 ಕೋಟಿ. ಅಂದರೆ ಕಂಪನಿಯ ಕೈಗೆ 7.5 ಕೋಟಿ ತಲುಪಿಸಲು ನಗರ ಹೆಚ್ಚುಕಡಿಮೆ ಅದರ ಎರಡರಷ್ಟು ಚೆಲ್ಲುತ್ತಿದೆ. ಅದೇ 7.5 ಕೋಟಿ ಬೆಲೆಯ ರಿಯಾಯಿತಿಯನ್ನು ಐದೇ ವರ್ಷಕ್ಕೆ ಕೂರಿಸಿ ನೋಡಿ: ವರ್ಷಕ್ಕೆ ಸುಮಾರು 2.07 ಕೋಟಿಯಂತೆ ಕೊಟ್ಟರೆ ಕಂಪನಿಗೆ ಅಷ್ಟೇ ಲಾಭ, ನಗರಕ್ಕೆ ಬೀಳುವ ಹೊರೆ ಸುಮಾರು 9.5 ಕೋಟಿ. ಐದು ಕೋಟಿಗೂ ಹೆಚ್ಚು ಉಳಿತಾಯ. ಹಾಗಿದ್ದರೂ ನಗರಗಳು 15, 20 ವರ್ಷಗಳ ವಿನಾಯಿತಿಯನ್ನೇ ಏಕೆ ಕೊಡುತ್ತವೆ? ಈ ವರ್ಷದ ಬಜೆಟ್ಟಿನಲ್ಲಿ ಅದು ಸಣ್ಣದಾಗಿ ಕಾಣುತ್ತದೆ. ಸಹಿ ಹಾಕಿದ ಮೇಯರ್ ಐದನೇ ವರ್ಷಕ್ಕೆ ಆ ಕುರ್ಚಿಯಲ್ಲಿ ಇರುವುದೂ ಅನುಮಾನ.

ಐದು ವರ್ಷಕ್ಕೆ ಬೇಗ ಬೇಗ ಕೊಟ್ಟುಬಿಟ್ಟರೆ ಆರನೇ ವರ್ಷ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಹೋದರೆ? ಇದು ಸರಿಯಾದ ಆತಂಕ. ಇದಕ್ಕೆ ಉತ್ತರ ಒಪ್ಪಂದದ ಷರತ್ತುಗಳಲ್ಲಿದೆ. ಅದಕ್ಕೆ ವಿಸ್ಕಾನ್ಸಿನ್‌ನ ಫಾಕ್ಸ್‌ಕಾನ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇಲ್ಲ.

2017ರಲ್ಲಿ ಫಾಕ್ಸ್‌ಕಾನ್ ಹೇಳಿದ್ದು: 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ, ದೊಡ್ಡ ಎಲ್‌ಸಿಡಿ ಪರದೆಗಳ ಕಾರ್ಖಾನೆ. ರಾಜ್ಯ ಒಪ್ಪಿದ್ದು 285 ಕೋಟಿ ಡಾಲರ್‌ವರೆಗಿನ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ. ಸಂಬಳದ ಮೇಲೆ ಶೇ 17, ಬಂಡವಾಳ ವೆಚ್ಚದ ಮೇಲೆ ಶೇ 15. ವಿಸ್ಕಾನ್ಸಿನ್‌ನಲ್ಲಿ ತಯಾರಿಕಾ ಕಂಪನಿಗಳು ಕಟ್ಟುವ ಆದಾಯ ತೆರಿಗೆ ಮೊದಲೇ ಶೂನ್ಯಕ್ಕೆ ಹತ್ತಿರ. ಕಟ್ಟಲು ತೆರಿಗೆಯೇ ಇಲ್ಲದವರಿಗೆ ಕ್ರೆಡಿಟ್ ಕೊಟ್ಟರೆ ಖಜಾನೆಯಿಂದ ನಗದು ಹೊರಟಂತೆ. ‘ಕ್ರೆಡಿಟ್’ ಎಂದು ಕಂಡಲ್ಲೆಲ್ಲ ‘ತೆರಿಗೆ ಬಾಕಿ ಇಲ್ಲದಿದ್ದರೆ ನಗದಾಗಿ ವಾಪಸು ಕೊಡಬೇಕೇ?’ ಎಂದು ಕೇಳಿ.

ಮುಂದೆ ನಡೆದದ್ದು ನಿಮಗೆ ಗೊತ್ತಿರಬಹುದು. ಯೋಜನೆ ಕುಗ್ಗುತ್ತಾ ಬಂತು, ಕಂಪನಿ ನೇಮಕದ ಕನಿಷ್ಠ ಗುರಿಯನ್ನೇ ಮುಟ್ಟಲಿಲ್ಲ, ರಾಜ್ಯ ಕ್ರೆಡಿಟ್ ನಿರಾಕರಿಸಿತು. 2021ರಲ್ಲಿ ಹೊಸ ಒಪ್ಪಂದವಾಯಿತು: 1,454 ಉದ್ಯೋಗ, 67.2 ಕೋಟಿ ಡಾಲರ್ ಹೂಡಿಕೆ, 8 ಕೋಟಿ ಡಾಲರ್ ಕ್ರೆಡಿಟ್. ಕೆಲಸವಾದ ಮೇಲೆ ಕೊಡುತ್ತೇವೆ ಎಂಬ ಒಂದೇ ಷರತ್ತು ರಾಜ್ಯದ ಆ ದೊಡ್ಡ ಮೊತ್ತವನ್ನು ಉಳಿಸಿತು. ಆದರೆ ಕಾರ್ಖಾನೆ ಬರಬೇಕಿದ್ದ ಮೌಂಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿನ ಪರಿಸ್ಥಿತಿ ಬೇರೆ. ಅದು ಸಾಲ ಎತ್ತಿ ಮೊದಲೇ ಜಮೀನು ಕೊಂಡಿತ್ತು, ಜನರ ಮನೆಗಳನ್ನು ಕೊಂಡು ಕೆಡವಿತ್ತು, ರಸ್ತೆ ಮತ್ತು ನೀರಿನ ವ್ಯವಸ್ಥೆಗೆ ಹಣ ಸುರಿದಿತ್ತು. ಖರ್ಚಾದ ಹಣಕ್ಕೆ ‘ಆಮೇಲೆ ಕೊಡುತ್ತೇವೆ’ ಎಂಬ ಮಾತೇ ಅನ್ವಯಿಸುವುದಿಲ್ಲ.

ಆ ಊರನ್ನು ಕಾಪಾಡಿದ್ದು ಒಪ್ಪಂದದ ಇನ್ನೊಂದು ಸಾಲು. ಕಾರ್ಖಾನೆ ಎಷ್ಟೇ ಕಟ್ಟಲಿ, ಬಿಡಲಿ, 2023ರಿಂದ ಆ ಆಸ್ತಿಯ ಮೌಲ್ಯ ಕನಿಷ್ಠ 140 ಕೋಟಿ ಡಾಲರ್ ಎಂದು ಹಿಡಿದು ಅದರ ಮೇಲೆ ಕಂಪನಿ ತೆರಿಗೆ ಕಟ್ಟಬೇಕು ಎಂದಿತ್ತು. ಸಾಲದ ಕಂತಿಗೆ ಅದು ಆಧಾರವಾಯಿತು. ಆಮೇಲೆ ಅಲ್ಲಿನ ಜಮೀನನ್ನು ಮೈಕ್ರೋಸಾಫ್ಟ್ ಕೊಂಡು ಡೇಟಾ ಸೆಂಟರ್ ಕಟ್ಟಲು ಮುಂದಾಯಿತು, 2024ರಲ್ಲಿ 330 ಕೋಟಿ ಡಾಲರ್ ಹೂಡಿಕೆ ಘೋಷಿಸಿತು. ಇದನ್ನು ತೋರಿಸಿ ಎಲ್ಲ ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆ ಬಿಟ್ಟು ಹೋದವರಿಗೆ ಹೇಳಿದ್ದು 13,000 ಉದ್ಯೋಗದ ಕಾರ್ಖಾನೆ ಎಂದು. ಇನ್ನೊಂದು ಕಂಪನಿ ಬಂದದ್ದು ಅದೃಷ್ಟ. ಕನಿಷ್ಠ ಮೌಲ್ಯದ ಷರತ್ತು ಬರೆದದ್ದು ಬುದ್ಧಿವಂತಿಕೆ. ಅದೃಷ್ಟವನ್ನು ನೆಚ್ಚಿ ಒಪ್ಪಂದ ಬರೆಯಲಾಗದು.

ಡೇಟಾ ಸೆಂಟರ್ ಎಂದೆನಲ್ಲ, ಅದರ ಲೆಕ್ಕ ಕಚೇರಿಯ ಲೆಕ್ಕಕ್ಕಿಂತ ಪೂರ್ತಿ ಬೇರೆ. ಕೋಟಿಗಟ್ಟಲೆ ಡಾಲರ್ ಯಂತ್ರಗಳಿರುವ ಕಟ್ಟಡದಲ್ಲಿ ಕಟ್ಟುವ ಕೆಲಸ ಮುಗಿದ ಮೇಲೆ ಕಾಯಂ ಕೆಲಸಗಾರರು ಕೆಲವು ಹತ್ತುಗಳಿಂದ ನೂರಿನ್ನೂರರ ತನಕ. ಉದ್ಯೋಗದ ಹೆಸರಿನಲ್ಲಿ ಅದಕ್ಕೆ ರಿಯಾಯಿತಿ ಕೊಡುವುದಕ್ಕೆ ಅರ್ಥವೇ ಇಲ್ಲ. ಸರ್ವರ್‌ಗಳಿಗೆ ಕೊಡುವ ಮಾರಾಟ ತೆರಿಗೆ ವಿನಾಯಿತಿಯಲ್ಲಿ ಇನ್ನೊಂದು ಸಿಕ್ಕು ಇದೆ. ಸರ್ವರ್‌ಗಳನ್ನು ಕೆಲವೇ ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಒಮ್ಮೆ ಕೊಟ್ಟ ವಿನಾಯಿತಿ ಹಾಗಾಗಿ ಪ್ರತಿ ಬದಲಾವಣೆಗೂ ಮತ್ತೆ ಮತ್ತೆ ಅನ್ವಯಿಸುತ್ತದೆ. ‘ಮೊದಲ ಬಾರಿ ಅಳವಡಿಸುವ ಉಪಕರಣಕ್ಕೆ ಮಾತ್ರ’ ಎಂಬ ನಾಲ್ಕೈದು ಪದ ಬಿಟ್ಟುಹೋದರೆ ಮುಂದಿನ ಇಪ್ಪತ್ತು ವರ್ಷ ಅದರ ಬೆಲೆ ತೆರಬೇಕು. ಇದಕ್ಕೆ ಎದುರಾಗಿ ವರ್ಜೀನಿಯಾದ ಲೌಡನ್ ಕೌಂಟಿಯನ್ನು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನೋಡಿ. ರಾಜ್ಯ ಮಾರಾಟ ತೆರಿಗೆ ಬಿಟ್ಟಿದ್ದರೂ ಕೌಂಟಿ ತನ್ನ ಪಾಲಿನ ತೆರಿಗೆಯನ್ನು, ಅಂದರೆ ಕಟ್ಟಡದೊಳಗಿನ ಕಂಪ್ಯೂಟರ್ ಉಪಕರಣಗಳ ಮೇಲಿನ ಆಸ್ತಿ ತೆರಿಗೆಯನ್ನು, ಬಿಡಲಿಲ್ಲ. ಇಂದು ಕೌಂಟಿಯ ಆದಾಯದ ದೊಡ್ಡ ಪಾಲು ಅದರಿಂದಲೇ. ಅಲ್ಲಿ ಶಾಲೆಗೆ ಮಕ್ಕಳನ್ನು ಕಳಿಸದ, ರಸ್ತೆಯಲ್ಲಿ ವಾಹನ ತುಂಬಿಸದ ಉದ್ಯಮ ತೆರಿಗೆ ಕಟ್ಟುತ್ತಿದೆ. ವಿದ್ಯುತ್ ಮಾರ್ಗಗಳ, ಜನರೇಟರ್ ಸದ್ದಿನ ಜಗಳಗಳು ಅಲ್ಲೂ ಇವೆ. ಒಂದೇ ಉದ್ಯಮದ ಮೇಲೆ ಇಷ್ಟು ಆತುಕೊಳ್ಳುವುದೂ ಅಪಾಯವೇ. ಆದರೂ ತೆರಿಗೆ ಹಾಕಿದರೆ ಓಡಿಹೋಗುತ್ತಾರೆ ಎಂಬ ಹೆದರಿಕೆಗೆ ಲೌಡನ್ ಉತ್ತರ ಕೊಟ್ಟಿದೆ. ವೇಗದ ಫೈಬರ್ ಜಾಲ ಮತ್ತು ವಿದ್ಯುತ್ ಎಲ್ಲಿ ಸಿಗುತ್ತದೋ ಡೇಟಾ ಸೆಂಟರ್ ಅಲ್ಲಿಗೆ ಹೋಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತನ್ನ ಮಾರ್ಕೆಟ್ ಸ್ಟ್ರೀಟ್‌ನ ಸೊರಗಿದ ನಡುಭಾಗದಲ್ಲಿ ಕಚೇರಿ ತೆರೆಯುವ ಕಂಪನಿಗಳಿಗೆ, ಹೊಸದಾಗಿ ಸೇರುವ ಉದ್ಯೋಗಿಗಳ ಸಂಬಳದ ಮೇಲಿನ ಶೇ 1.5 ತೆರಿಗೆಯನ್ನು ಆರು ವರ್ಷ ಬಿಟ್ಟಿತು. ಟ್ವಿಟರ್ ಅಲ್ಲಿಗೆ ಬಂತು, ಬೇರೆ ಕಂಪನಿಗಳೂ ಬಂದವು. ಸಾವಿರಾರು ಜನ ದಿನವೂ ಬಂದರೆ ಬೀದಿಯ ಹೋಟೆಲು, ಅಂಗಡಿಗಳಿಗೆ ವ್ಯಾಪಾರ ಎಂಬುದು ಲೆಕ್ಕ. ಆದರೆ ಟೆಕ್ ಕಚೇರಿಯೊಳಗೇ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಕಾಫಿ ಎಲ್ಲ ಪುಕ್ಕಟೆ. ಜನ ಲಿಫ್ಟ್ ಹತ್ತಿ ಮೇಲೆ ಹೋದರೆ ಇಳಿಯುವುದು ಸಂಜೆಗೆ. ಉದ್ಯೋಗದ ಸಂಖ್ಯೆ ಸರಿಯಾಗಿಯೇ ಇದ್ದರೂ ಬೀದಿಗೆ ಅದು ಇಳಿಯಲಿಲ್ಲ. ಮೌಂಟನ್ ವ್ಯೂ ನಗರ ಇದನ್ನು ನೋಡಿಕೊಂಡೇ ಇರಬೇಕು, ಒಂದು ಹೊಸ ಕಚೇರಿ ಸಂಕೀರ್ಣಕ್ಕೆ ಅನುಮತಿ ಕೊಡುವಾಗ ಕಂಪನಿಗಳು ಕಚೇರಿಯಲ್ಲಿ ದಿನವೂ ಊಟವನ್ನು ಪೂರ್ತಿ ಉಚಿತವಾಗಿ ಕೊಡುವಂತಿಲ್ಲ ಎಂದು ಷರತ್ತು ಹಾಕಿತು. ಒಂದು ಉದ್ಯೋಗದಿಂದ ಇನ್ನೆಷ್ಟೋ ಉದ್ಯೋಗ ಹುಟ್ಟುತ್ತದೆ ಎಂದು ಸಲಹೆಗಾರರ ವರದಿ ಹೇಳುವಾಗ, ಆ ಉದ್ಯೋಗಿ ಎಲ್ಲಿ ಉಣ್ಣುತ್ತಾನೆ, ಎಲ್ಲಿ ಮನೆ ಮಾಡುತ್ತಾನೆ ಎಂದು ಕೇಳಿ.

ಇನ್ನು ಒಪ್ಪಂದದ ಮಾತು. ಮೊದಲು ‘ಉದ್ಯೋಗ’ ಎಂದರೇನು ಎಂದು ಬರೆಯಬೇಕು: ಕಂಪನಿಯ ಸ್ವಂತ ಸಂಬಳಪಟ್ಟಿಯಲ್ಲಿರುವ, ಪೂರ್ಣಾವಧಿಯ, ನಿಗದಿತ ಕನಿಷ್ಠ ಸಂಬಳದ, ವರ್ಷಪೂರ್ತಿ ಇದ್ದ ಉದ್ಯೋಗ. ಗುತ್ತಿಗೆಯವರು ಲೆಕ್ಕಕ್ಕಿಲ್ಲ. ಸಹಿಯ ದಿನ ಆ ಇಡೀ ಪ್ರದೇಶದಲ್ಲಿ ಕಂಪನಿಗೆ ಎಷ್ಟು ಜನರಿದ್ದರು ಎಂಬುದನ್ನು ಆಧಾರ ಸಂಖ್ಯೆಯಾಗಿ ದಾಖಲಿಸಬೇಕು. ಇಲ್ಲವಾದರೆ ಪಕ್ಕದ ಊರಿನ ಕಚೇರಿ ಮುಚ್ಚಿ ಅದೇ ಜನರನ್ನು ಇಲ್ಲಿ ಕೂರಿಸಿ ಹೊಸ ಉದ್ಯೋಗ ಎನ್ನುತ್ತಾರೆ. ಎಣಿಕೆಗೆ ಕಂಪನಿ ಕೊಡುವ ಪ್ರಮಾಣಪತ್ರ ಸಾಲದು, ಸರ್ಕಾರಕ್ಕೆ ಸಲ್ಲಿಸಿದ ಸಂಬಳ ತೆರಿಗೆಯ ದಾಖಲೆಯೊಂದಿಗೆ ತಾಳೆ ನೋಡಬೇಕು. ಎಣಿಸುವ ಅಧಿಕಾರಿ ಕಂಪನಿಗಳನ್ನು ಕರೆತರುವ ಇಲಾಖೆಯವರಾಗಿರಬಾರದು. ಕರೆತಂದವರಿಗೆ ಅದು ಸೋತಿತೆಂದು ಬರೆಯಲು ಮನಸ್ಸು ಬರುವುದಿಲ್ಲ.

ಸಹಿ ಯಾರು ಹಾಕುತ್ತಾರೆ ಎಂಬುದು ಹಲವರ ಕಣ್ಣಿಗೆ ಬೀಳದ ವಿಷಯ. ದೊಡ್ಡ ಕಂಪನಿಗಳು ಎಷ್ಟೋ ಬಾರಿ ಈ ಯೋಜನೆಗೆಂದೇ ಹುಟ್ಟುಹಾಕಿದ, ಹೆಸರೇ ಕೇಳಿರದ ಅಂಗಸಂಸ್ಥೆಯ ಮೂಲಕ ಬರುತ್ತವೆ. ನಾಳೆ ಹಣ ವಾಪಸು ಕೇಳಲು ಹೋದರೆ ಆ ಸಂಸ್ಥೆಯ ಖಾತೆ ಖಾಲಿ. ಆದ್ದರಿಂದ ಮಾತೃ ಕಂಪನಿಯ ಖಾತರಿ ಅಥವಾ ಬ್ಯಾಂಕ್ ಗ್ಯಾರಂಟಿ ಬೇಕೇ ಬೇಕು. ವಾಪಸಾತಿಯನ್ನು ಪ್ರಮಾಣದ ಮೇಲೆ ಬರೆಯಿರಿ: ಗುರಿಯ ಶೇ 60 ಮುಟ್ಟಿದರೆ ಶೇ 40 ಹಿಂದಕ್ಕೆ. ಎಲ್ಲ ಅಥವಾ ಏನೂ ಇಲ್ಲ ಎಂದು ಬರೆದರೆ, ಶೇ 95 ಮುಟ್ಟಿದ ಕಂಪನಿಯಿಂದ ಪೂರ್ತಿ ವಸೂಲಿ ಮಾಡಲು ಯಾರಿಗೂ ಧೈರ್ಯ ಬಾರದೆ ಷರತ್ತೇ ಸತ್ತುಹೋಗುತ್ತದೆ. ರಿಯಾಯಿತಿ ಪಡೆಯುವ ಅವಧಿಯಲ್ಲಿ ಆಸ್ತಿ ಮೌಲ್ಯಮಾಪನದ ವಿರುದ್ಧ ಕಂಪನಿ ಮೇಲ್ಮನವಿ ಸಲ್ಲಿಸುವಂತಿಲ್ಲ ಎಂದೂ ಸೇರಿಸಿ. ಒಂದು ಕೈಯಲ್ಲಿ ವಿನಾಯಿತಿ ಪಡೆದು ಇನ್ನೊಂದು ಕೈಯಲ್ಲಿ ಮೌಲ್ಯ ಇಳಿಸಲು ವಕೀಲರನ್ನು ಕಳಿಸುವುದು ಸಾಮಾನ್ಯ.

ಹಣವನ್ನು ಮುಂಚೆಯೇ ಹಾಕಲೇಬೇಕಾದರೆ ಮಾರಬಹುದಾದ ವಸ್ತುವಿನ ಮೇಲೆ ಹಾಕಿ, ಅದು ಸರ್ಕಾರದ ಹೆಸರಿನಲ್ಲೇ ಇರಲಿ. 2016ರಲ್ಲಿ ಜನರಲ್ ಎಲೆಕ್ಟ್ರಿಕ್ ಬೋಸ್ಟನ್‌ಗೆ ಬಂದಾಗ ಮ್ಯಾಸಚೂಸೆಟ್ಸ್ ರಾಜ್ಯದ ಹಣ ಹೋದದ್ದು ಮುಖ್ಯವಾಗಿ ಕಟ್ಟಡಕ್ಕೆ. 2019ರಲ್ಲಿ ಕಂಪನಿ ತನ್ನ 800 ಉದ್ಯೋಗಗಳ ಯೋಜನೆಯನ್ನು 250ಕ್ಕೆ ಇಳಿಸಿತು, ಆಸ್ತಿ ಮಾರಾಟವಾಯಿತು, ರಾಜ್ಯಕ್ಕೆ 8.7 ಕೋಟಿ ಡಾಲರ್ ವಾಪಸು ಬಂತು.

ಇಷ್ಟು ಷರತ್ತು ಹಾಕಿದರೆ ಕಂಪನಿ ಪಕ್ಕದ ಊರಿಗೆ ಹೋಗುತ್ತದೆ ಎನ್ನುತ್ತೀರಿ. ಹೋಗಬಹುದು. ಅದಕ್ಕೆ ಪರಿಹಾರವೂ ಪಕ್ಕದ ಊರಿನ ಜೊತೆಗೇ ಮಾಡಿಕೊಳ್ಳಬೇಕು. ಕ್ಯಾನ್ಸಸ್ ಸಿಟಿ ಎರಡು ರಾಜ್ಯಗಳ ಗಡಿಯ ಮೇಲಿದೆ. ವರ್ಷಗಟ್ಟಲೆ ಕ್ಯಾನ್ಸಸ್, ಮಿಸ್ಸೌರಿ ಎರಡೂ ಹಣ ಕೊಟ್ಟು ಅವೇ ಕಂಪನಿಗಳನ್ನು ಗಡಿಯ ಆಚೆಗೂ ಈಚೆಗೂ ಎಳೆದಾಡಿದವು. 2019ರಲ್ಲಿ ಗಡಿಭಾಗದ ಕೌಂಟಿಗಳಲ್ಲಿ ಇದ್ದ ಉದ್ಯೋಗವನ್ನೇ ಸ್ಥಳಾಂತರಿಸುವುದಕ್ಕೆ ರಾಜ್ಯದ ರಿಯಾಯಿತಿ ಇಲ್ಲ ಎಂದು ಎರಡೂ ಒಪ್ಪಿದವು. ಮಿಸ್ಸೌರಿ ಕಾನೂನು ಮಾಡಿತು, ಕ್ಯಾನ್ಸಸ್ ಗವರ್ನರ್ ಆದೇಶ ಹೊರಡಿಸಿದರು.

ಕೊನೆಯದಾಗಿ ಗುಟ್ಟಿನ ವಿಷಯ. ಅಮೆರಿಕದ ಸರ್ಕಾರಿ ಲೆಕ್ಕಪತ್ರ ಮಾನದಂಡ ಮಂಡಳಿ 2015ರಲ್ಲಿ 77ನೇ ನಿಯಮ ತಂದು, ಬಿಟ್ಟುಕೊಟ್ಟ ತೆರಿಗೆಯನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕು ಎಂದಿತು. ಆದರೆ ಅದು ಬಿಟ್ಟ ಮೇಲಿನ ಲೆಕ್ಕ. ಮತದಾನಕ್ಕೆ ಮೊದಲು ಜನ ನೋಡಬೇಕಾದದ್ದು ಒಪ್ಪಂದದ ಪೂರ್ತಿ ಕರಡು, ಕಂಪನಿಯ ನಿಜವಾದ ಹೆಸರು, ವರ್ಷವಾರು ಬಿಡುವ ಮೊತ್ತ, ನೀರು ಮತ್ತು ವಿದ್ಯುತ್ತಿನ ಬೇಡಿಕೆ. ಇದನ್ನು ಕನಿಷ್ಠ 30 ದಿನ ಮೊದಲೇ ಪ್ರಕಟಿಸಬೇಕು. ಮಾತುಕತೆಯ ಹಂತದಲ್ಲಿ ಗೋಪ್ಯತೆ ಬೇಕಾಗಬಹುದು, ಅದನ್ನು ಒಪ್ಪುತ್ತೇನೆ. ಆದರೆ ಸದಸ್ಯರು ಗೋಪ್ಯತಾ ಪತ್ರಕ್ಕೆ ಸಹಿ ಹಾಕುವಾಗಲೇ ‘ಕರಡು ಸಭೆಯ ಮುಂದೆ ಬಂದ ದಿನ ಈ ಪತ್ರ ತಾನಾಗಿ ರದ್ದಾಗುತ್ತದೆ’ ಎಂಬ ಸಾಲನ್ನು ಬರೆಸಿಕೊಳ್ಳಬೇಕು. ಹತ್ತೇ ದಿನದಲ್ಲಿ ಉತ್ತರ ಬೇಕು ಎಂದು ಕಂಪನಿ ಅವಸರಪಡಿಸಿದರೆ, ತಾನು ಜಾಗ ಹುಡುಕುವುದಕ್ಕೆ ತೆಗೆದುಕೊಂಡ ತಿಂಗಳುಗಳನ್ನು ಅದಕ್ಕೆ ನೆನಪಿಸಿ, 30 ದಿನ ಪಡೆಯಿರಿ.